ಸುದ್ದಿಯಾಗದ ಆಟಗಾರ್ತಿಯ ಪರವಾಗಿ: ಮಹಿಳಾ ಟೆನಿಸ್ ಆಡಳಿತಗಾರರಿಗೆ ಒಂದು ಬಹಿರಂಗ ಪತ್ರ

ಗೆ,
ಮಹಿಳಾ ಟೆನಿಸ್ ಸಂಸ್ಥೆ ಡಬ್ಲ್ಯುಟಿಎ ಆಡಳಿತ ಮಂಡಳಿಯ ಸದಸ್ಯರಿಗೆ, ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಪದಾಧಿಕಾರಿಗಳಿಗೆ ಹಾಗೂ ನಾಲ್ಕು ಗ್ರ್ಯಾನ್‌ಸ್ಲಾಮ್ ಪಂದ್ಯಾವಳಿಗಳ ಸಂಘಟಕರಿಗೆ

ಮಾನ್ಯರೇ,

ಮಹಿಳಾ ಟೆನಿಸ್‌ನಲ್ಲಿ ಆಟಗಾರ್ತಿಯ ವೃತ್ತಿಜೀವನಕ್ಕೆ ಆಸರೆಯಾಗಿ ಇಂದು ಇರುವ ನಿಯಮಗಳು ಹೇಗೆ ಹುಟ್ಟಿದವೆಂದು ಹುಡುಕಿಕೊಂಡು ಹೋದರೆ, ಹೆಚ್ಚಿನವುಗಳ ಹಿಂದೆ ಒಬ್ಬ ತಾರೆಯ ಸಂಕಟ ಕಾಣಸಿಗುತ್ತದೆ. ಎಳೆಯ ವಯಸ್ಸಿನವರು ಆಡಬಹುದಾದ ಪಂದ್ಯಾವಳಿಗಳಿಗೆ ಈಗಿನ ಮಿತಿ ಬಂದದ್ದು ಎಳೆಯ ತಾರೆ ಜೆನಿಫರ್ ಕೆಪ್ರಿಯಾಟಿ ದಣಿದು ಆಟದಿಂದ ದೂರ ಸರಿದ ಮೇಲೆ. ಹೆರಿಗೆಯ ನಂತರ ಮರಳುವವರ ನಿಯಮವನ್ನು ತಿದ್ದಿದ್ದು ಸೆರೆನಾ ವಿಲಿಯಮ್ಸ್ ಶ್ರೇಯಾಂಕವಿಲ್ಲದೆ (ಆರಂಭದ ಸುತ್ತುಗಳಲ್ಲೇ ಬಲಿಷ್ಠರು ಪರಸ್ಪರ ಎದುರಾಗದಂತೆ ಪಂದ್ಯಾವಳಿಯಲ್ಲಿ ಕೊಡುವ ಸ್ಥಾನವಿಲ್ಲದೆ) ಗ್ರ್ಯಾನ್‌ಸ್ಲಾಮ್ ಆಡಬೇಕಾಗಿ ಬಂದ ಮೇಲೆ. ವಿಂಬಲ್ಡನ್ ಸಮಾನ ಬಹುಮಾನಕ್ಕೆ ಒಪ್ಪಿದ್ದು ವೀನಸ್ ವಿಲಿಯಮ್ಸ್ ಪತ್ರಿಕೆಯಲ್ಲಿ ಬರೆದು ಬಹಿರಂಗವಾಗಿ ಪ್ರಶ್ನಿಸಿದ ಮೇಲೆ. ಈ ಆಟಗಾರ್ತಿಯರು ತಮಗೆ ಬಿದ್ದ ಪೆಟ್ಟಿನಿಂದ ಹಿಂದೆ ಬರುವವರ ದಾರಿಯನ್ನು ಸಲೀಸು ಮಾಡಿದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ವಿಶ್ವ ಕ್ರಮಾಂಕದಲ್ಲಿ 150ರಿಂದ 400ರ ನಡುವೆ ಇರುವ, ಹೆಸರು ಹೇಳಿದರೆ ಟೆನಿಸ್ ಪ್ರಿಯರೂ ಗುರುತಿಸದ ಆಟಗಾರ್ತಿಗೆ ಅದೇ ಸಂಕಟ ಬಂದಾಗ ಅದು ಸುದ್ದಿಯಾಗುವುದಿಲ್ಲ. ಸುದ್ದಿಯಾಗದ ಕಾರಣಕ್ಕೆ ನಿಯಮವೂ ಬದಲಾಗುವುದಿಲ್ಲ. ಹಲವು ವರ್ಷಗಳಿಂದ ಈ ಆಟವನ್ನು ನೋಡುತ್ತ ಬಂದಿರುವ ಒಬ್ಬ ಪ್ರೇಕ್ಷಕನಾಗಿ ನಾನು ಅವಳ ಪರವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಟೆನಿಸ್ ಆಟಗಾರ್ತಿಗೆ ಸಂಬಳ ಕೊಡುವ ಕ್ಲಬ್ಬಿಲ್ಲ. ಫುಟ್‌ಬಾಲ್ ತಂಡದ ಸದಸ್ಯೆಗೆ ಮಂಡಿ ಮುರಿದರೆ ಒಪ್ಪಂದ ಮುಗಿಯುವ ತನಕವಾದರೂ ಹಣ ಬರುತ್ತದೆ, ಚಿಕಿತ್ಸೆಯ ಹೊಣೆಯನ್ನು ಇನ್ನೊಬ್ಬರು ಹೊರುತ್ತಾರೆ. ಟೆನಿಸ್‌ನಲ್ಲಿ ಆಕೆ ತನ್ನ ಕೋಚ್‌ಗೆ, ಫಿಸಿಯೊಗೆ ತಾನೇ ಯಜಮಾನಿ. ಪ್ರಯಾಣ, ವಸತಿ, ರ್‍ಯಾಕೆಟ್‌ನ ತಂತಿ ಎಲ್ಲವೂ ಅವಳದೇ ಖರ್ಚು. ಅವಳ ಕೈಯಲ್ಲಿರುವ ಏಕೈಕ ಆಸ್ತಿ ವಿಶ್ವ ಕ್ರಮಾಂಕ. 1975ರ ನವೆಂಬರ್‌ನಲ್ಲಿ ಕಂಪ್ಯೂಟರ್ ಲೆಕ್ಕದ ಮೊದಲ ಪಟ್ಟಿ ಬಂದು ಕ್ರಿಸ್ ಎವರ್ಟ್ ಮೊದಲ ಸ್ಥಾನದಲ್ಲಿ ಕಾಣಿಸಿಕೊಂಡಂದಿನಿಂದ ಯಾರು ಯಾವ ಪಂದ್ಯಾವಳಿಗೆ ನೇರ ಪ್ರವೇಶ ಪಡೆಯಬೇಕು, ಯಾರು ಅರ್ಹತಾ ಸುತ್ತಿನಿಂದ ಬರಬೇಕು, ಯಾರು ಮನೆಯಲ್ಲೇ ಉಳಿಯಬೇಕು ಎಂಬುದನ್ನು ನಿರ್ಧರಿಸುತ್ತಿರುವುದು ಬಹುಮಟ್ಟಿಗೆ ಈ ಪಟ್ಟಿಯೇ. ಅದರ ನೆನಪು 52 ವಾರಗಳದ್ದು ಮಾತ್ರ. ಸಿಂಗಲ್ಸ್‌ನಲ್ಲಿ ಗರಿಷ್ಠ 18 ಪಂದ್ಯಾವಳಿಗಳ ಅಂಕಗಳು ಲೆಕ್ಕಕ್ಕೆ ಬರುತ್ತವೆ, ಮತ್ತು ಕಳೆದ ವರ್ಷ ಗಳಿಸಿದ್ದು ಈ ವರ್ಷ ಅದೇ ವಾರ ಬರುವಷ್ಟರಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಆಡುತ್ತಲೇ ಇರುವವಳಿಗೂ ಅದು ತಳ ತೂತಾದ ಕೊಡಕ್ಕೆ ನೀರು ಸೇದಿದಂತೆ. ನಿಂತವಳ ಗತಿಯನ್ನು ಹೇಳಬೇಕಾಗಿಲ್ಲ.

ಈ ವ್ಯವಸ್ಥೆಯಲ್ಲಿ ಅನ್ಯಾಯವಿದೆ ಎಂದು ನಾನು ಹೇಳುತ್ತಿಲ್ಲ. ಆಡಿ ಗೆದ್ದವರು ಮೇಲೆ ಹೋಗಬೇಕು, ಅದು ಕ್ರೀಡೆಯ ನೇಮ. 2021ರಲ್ಲಿ 150ನೇ ಕ್ರಮಾಂಕದಲ್ಲಿದ್ದ ಎಮ್ಮಾ ರಾಡುಕಾನು ಅರ್ಹತಾ ಸುತ್ತಿನಿಂದ ಬಂದು, ಹತ್ತು ಪಂದ್ಯಗಳಲ್ಲಿ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಅಮೆರಿಕ ಓಪನ್ ಗೆದ್ದದ್ದು ಈ ಏಣಿ ಎಲ್ಲರಿಗೂ ತೆರೆದಿದೆ ಎಂಬುದಕ್ಕೆ ಸಾಕ್ಷಿ. ನನ್ನ ತಕರಾರು ಏಣಿಯ ಮೆಟ್ಟಿಲುಗಳ ನಡುವಿನ ಅಂತರದ ಬಗ್ಗೆ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನ 128 ಸ್ಥಾನಗಳಲ್ಲಿ 104 ನೇರ ಕ್ರಮಾಂಕದಿಂದ ತುಂಬುತ್ತವೆ. 2025ರ ಅಮೆರಿಕ ಓಪನ್‌ನಲ್ಲಿ ಪ್ರಧಾನ ಹಂತದ ಮೊದಲ ಸುತ್ತಿನಲ್ಲೇ ಸೋತವಳಿಗೂ 1,10,000 ಡಾಲರ್ ಸಿಕ್ಕಿತು, ಜೊತೆಗೆ 10 ಅಂಕ. ಇತ್ತ ಐಟಿಎಫ್ ನಡೆಸುವ ತೀರ ಕೆಳಹಂತದ ‘ಡಬ್ಲ್ಯು 15’ ಪಂದ್ಯಾವಳಿಯಲ್ಲಿ ಒಟ್ಟು ಬಹುಮಾನವೇ 15,000 ಡಾಲರ್. ಅದನ್ನು ಸಿಂಗಲ್ಸ್‌ನ 32 ಮಂದಿ ಮತ್ತು ಡಬಲ್ಸ್‌ನ 16 ಜೋಡಿಗಳ ನಡುವೆ ಹಂಚಬೇಕು. ಅಲ್ಲಿ ಐದು ಪಂದ್ಯಗಳನ್ನು ಸತತವಾಗಿ ಗೆದ್ದು ಪ್ರಶಸ್ತಿ ಹಿಡಿದವಳಿಗೆ ಸಿಗುವುದು 15 ಅಂಕ. 100ನೇ ಕ್ರಮಾಂಕದವಳಿಗೂ 130ನೇ ಕ್ರಮಾಂಕದವಳಿಗೂ ಆಟದಲ್ಲಿ ಇರುವ ವ್ಯತ್ಯಾಸ ಒಂದು ಒಳ್ಳೆಯ ವಾರದ್ದಿರಬಹುದು; ಬದುಕಿನಲ್ಲಿ ಇರುವ ವ್ಯತ್ಯಾಸ ಮಾತ್ರ ಕೋಚ್ ಜೊತೆಗಿದ್ದಾರೆಯೇ ಇಲ್ಲವೇ ಎಂಬಷ್ಟು ದೊಡ್ಡದು.

ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. 2013ರ ಸಾಲಿನ ಲೆಕ್ಕಗಳನ್ನಿಟ್ಟುಕೊಂಡು ಐಟಿಎಫ್ ತಾನೇ ನಡೆಸಿದ ಪರಿಶೀಲನೆಯ ಪ್ರಕಾರ, ಕೋಚ್‌ನ ವೆಚ್ಚವನ್ನು ಬಿಟ್ಟು, ಒಬ್ಬ ಆಟಗಾರ್ತಿಗೆ ವರ್ಷಕ್ಕೆ ತಗಲುತ್ತಿದ್ದ ಸರಾಸರಿ ಖರ್ಚು ಸುಮಾರು 40,000 ಡಾಲರ್, ಮತ್ತು ಬಹುಮಾನದ ಹಣದಿಂದ ಆ ಖರ್ಚು ಸರಿದೂಗುತ್ತಿದ್ದುದು 253ನೇ ಕ್ರಮಾಂಕದ ಆಸುಪಾಸಿನ ತನಕ ಮಾತ್ರ. ಐದು ವರ್ಷಗಳ ನಂತರ, 2018ರಲ್ಲಿ, ಟೆನಿಸ್‌ನ ಪ್ರಾಮಾಣಿಕತೆಯ ಬಗ್ಗೆ ವರದಿ ನೀಡಿದ ಸ್ವತಂತ್ರ ಸಮಿತಿಯೂ ಇದೇ ಮಾತನ್ನು ಇನ್ನಷ್ಟು ಕಟುವಾಗಿ ಹೇಳಿತು: ಪುರುಷರು ಮತ್ತು ಮಹಿಳೆಯರು ಸೇರಿ ವೃತ್ತಿಪರರೆಂದು ಕರೆಸಿಕೊಳ್ಳುವ ಸುಮಾರು 15,000 ಮಂದಿ ಇದ್ದರೂ ಖರ್ಚು ಕಳೆದು ಉಳಿಸಿಕೊಳ್ಳುವವರು ಮೊದಲ 250ರಿಂದ 350 ಮಂದಿಯಷ್ಟೇ, ಮತ್ತು ಬೆಟ್ಟಿಂಗ್‌ಗಾಗಿ ಪಂದ್ಯ ಮಾರಿಕೊಳ್ಳುವ ದಂಧೆ ಕೆಳಹಂತದಲ್ಲಿ ಬೇರುಬಿಡಲು ಈ ಬಡತನವೂ ಒಂದು ಕಾರಣ. ಮೋಸಕ್ಕೆ ಶಿಕ್ಷೆ ಆಗಲೇಬೇಕು. ಆದರೆ ಸೋಲಿಗೆ ಗೆಲುವಿಗಿಂತ ಹೆಚ್ಚು ಹಣ ಸಿಗುವಂಥ ಪರಿಸ್ಥಿತಿಯನ್ನು ಹಾಗೆಯೇ ಉಳಿಸಿಕೊಂಡು ಶಿಕ್ಷೆಯನ್ನಷ್ಟೇ ಹೆಚ್ಚಿಸುತ್ತ ಹೋಗುವುದು ಆಡಳಿತವೆನಿಸುವುದಿಲ್ಲ.

ಪುರುಷರ ಟೆನಿಸ್ ಸಂಸ್ಥೆ ಎಟಿಪಿ 2024ರಲ್ಲಿ ‘ಬೇಸ್‌ಲೈನ್’ ಎಂಬ ಯೋಜನೆಯನ್ನು ಜಾರಿಗೆ ತಂದಿತು. ಆ ವರ್ಷ ಅದು ಕೊಟ್ಟದ್ದು ಮೊದಲ 100 ಕ್ರಮಾಂಕದೊಳಗಿನವರಿಗೆ ವರ್ಷಕ್ಕೆ 3,00,000 ಡಾಲರ್, 175ರ ತನಕ 1,50,000, 250ರ ತನಕ 75,000 ಡಾಲರ್ ಕನಿಷ್ಠ ಆದಾಯದ ಭರವಸೆ. ಆಟಗಾರನ ಬಹುಮಾನದ ಗಳಿಕೆ ಅದಕ್ಕಿಂತ ಕಡಿಮೆಯಾದರೆ ಕೊರತೆಯನ್ನು ಸಂಸ್ಥೆ ತುಂಬಿಕೊಡುತ್ತದೆ. ಮಹಿಳಾ ಟೆನಿಸ್ ಸಂಸ್ಥೆಯು 2027ರ ಹೊತ್ತಿಗೆ ಪುರುಷರು ಮತ್ತು ಮಹಿಳೆಯರು ಒಟ್ಟಿಗೆ ಆಡುವ 1000 ಮತ್ತು 500 ಹಂತದ (ಗೆದ್ದವರಿಗೆ ಅಷ್ಟು ಅಂಕ ಸಿಗುವ) ಪಂದ್ಯಾವಳಿಗಳಲ್ಲಿ, 2033ರ ಹೊತ್ತಿಗೆ ಪ್ರತ್ಯೇಕವಾಗಿ ನಡೆಯುವ ಅದೇ ಹಂತಗಳ ಪಂದ್ಯಾವಳಿಗಳಲ್ಲಿ ಸಮಾನ ಬಹುಮಾನ ತರುವುದಾಗಿ ಹೇಳಿದೆ. ಇದು ನ್ಯಾಯವಾದದ್ದು, ತಡವಾಗಿಯಾದರೂ ಬರಲಿ. ಆದರೆ ಆ ಹಂತಗಳಲ್ಲಿ ಆಡುವವರು ಈಗಾಗಲೇ ಏಣಿಯ ಮೇಲ್ತುದಿಯಲ್ಲಿರುವವರು. ನೆಲದಿಂದ ಎತ್ತಿ ಹಿಡಿಯುವ ಕನಿಷ್ಠ ಆದಾಯದ ಭರವಸೆ ಮಹಿಳೆಯರಿಗೆ ಪುರುಷರಿಗಿಂತ ಹೆಚ್ಚು ಬೇಕು, ಏಕೆಂದರೆ ಆಟದಿಂದ ಅನಿವಾರ್ಯವಾಗಿ ದೂರವಿರಬೇಕಾದ ಒಂದು ಕಾರಣ ಆಕೆಗೆ ಮಾತ್ರ ಇದೆ.

ನಾನು ತಾಯ್ತನದ ಬಗ್ಗೆ ಹೇಳುತ್ತಿದ್ದೇನೆ. ಕಿಮ್ ಕ್ಲೈಸ್ಟರ್ಸ್ 2009ರಲ್ಲಿ, ಮಗಳು ಹುಟ್ಟಿದ ಮರುವರ್ಷ, ವೈಲ್ಡ್ ಕಾರ್ಡ್ (ಕ್ರಮಾಂಕ ಸಾಲದವರಿಗೂ ಸಂಘಟಕರು ಕೊಡುವ ಪ್ರವೇಶ) ಮೂಲಕ ಬಂದು ಅಮೆರಿಕ ಓಪನ್ ಗೆದ್ದರು. 1980ರಲ್ಲಿ ಇವೊನ್ ಗೂಲಗಾಂಗ್ ವಿಂಬಲ್ಡನ್ ಗೆದ್ದ ಮೇಲೆ ತಾಯಿಯೊಬ್ಬಳು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು. ಎಲಿನಾ ಸ್ವಿಟೊಲಿನಾ 2022ರ ಅಕ್ಟೋಬರ್‌ನಲ್ಲಿ ತಾಯಿಯಾಗಿ, ಮುಂದಿನ ಬೇಸಿಗೆಯಲ್ಲಿ ವಿಂಬಲ್ಡನ್‌ನ ವೈಲ್ಡ್ ಕಾರ್ಡ್ ಪಡೆದು, ಅಗ್ರಕ್ರಮಾಂಕದ ಇಗಾ ಶ್ವಿಯಾಂಟೆಕ್ ಅವರನ್ನು ಸೋಲಿಸಿ ಸೆಮಿಫೈನಲ್ ತಲುಪಿದರು. ನಮ್ಮ ಸಾನಿಯಾ ಮಿರ್ಜಾ ಮಗ ಹುಟ್ಟಿದ ಮೇಲೆ 2020ರ ಜನವರಿಯಲ್ಲಿ ಹೋಬರ್ಟ್‌ನಲ್ಲಿ ಆಡಲಿಳಿದು, ಮರಳಿದ ಮೊದಲ ಪಂದ್ಯಾವಳಿಯಲ್ಲೇ ನಾದಿಯಾ ಕಿಚೆನೊಕ್ ಜೊತೆ ಡಬಲ್ಸ್ ಪ್ರಶಸ್ತಿ ಗೆದ್ದರು. ಇಬ್ಬರು ಹೆಣ್ಣುಮಕ್ಕಳ ತಾಯಿ ತಾತ್ಯಾನಾ ಮರಿಯಾ 2022ರಲ್ಲಿ ವಿಂಬಲ್ಡನ್ ಸೆಮಿಫೈನಲ್ ಆಡಿದ್ದು ಸಾಲದೆಂಬಂತೆ, 2025ರಲ್ಲಿ ತಮ್ಮ 37ನೇ ವಯಸ್ಸಿನಲ್ಲಿ ಅರ್ಹತಾ ಸುತ್ತಿನಿಂದ ಬಂದು ಲಂಡನ್‌ನ ಕ್ವೀನ್ಸ್ ಕ್ಲಬ್ ಪ್ರಶಸ್ತಿ ಎತ್ತಿದರು.

ಇವರೆಲ್ಲರ ಕಥೆಗಳು ಹುರುಪು ತುಂಬುವಂಥವು, ನಿಜ. ಆದರೆ ಇವುಗಳನ್ನು ಪ್ರಚಾರದ ಚಿತ್ರಗಳಲ್ಲಿ ಪದೇಪದೇ ತೋರಿಸುವಾಗ ಒಂದು ಸಂಗತಿ ಮರೆಯಾಗುತ್ತದೆ. ವೈಲ್ಡ್ ಕಾರ್ಡ್ ಎಂಬುದು ಸಂಘಟಕರ ಔದಾರ್ಯ. ಅದು ಟಿಕೆಟ್ ಮಾರಬಲ್ಲ ಹೆಸರಿಗೆ ಇಲ್ಲವೇ ಆತಿಥೇಯ ದೇಶದ ಹುಡುಗಿಗೆ ಸಿಗುತ್ತದೆ. ಕ್ಲೈಸ್ಟರ್ಸ್ ಆಗಲೇ ಒಮ್ಮೆ ಅಮೆರಿಕ ಓಪನ್ ಗೆದ್ದವರು, ವಿಶ್ವದ ಮೊದಲ ಕ್ರಮಾಂಕದಲ್ಲಿದ್ದವರು. ಅವರಿಗೆ ತೆರೆದ ಬಾಗಿಲನ್ನು 280ನೇ ಕ್ರಮಾಂಕದ ತಾಯಿಗೆ ಯಾರೂ ತೆರೆಯುವುದಿಲ್ಲ.

ಸೆರೆನಾ ಅವರ ಪ್ರಸಂಗದ ನಂತರ ನೀವು ತಂದ ತಿದ್ದುಪಡಿಯನ್ನು ನಾನು ಮೆಚ್ಚುತ್ತೇನೆ. 2017ರಲ್ಲಿ ಗರ್ಭಿಣಿಯಾಗಿದ್ದಾಗಲೇ ಆಸ್ಟ್ರೇಲಿಯನ್ ಓಪನ್ ಗೆದ್ದು, ಅದೇ ಸೆಪ್ಟೆಂಬರ್‌ನಲ್ಲಿ ಹೆತ್ತು, ಮರುವರ್ಷ 450ರ ಆಚೆಗಿನ ಕ್ರಮಾಂಕದೊಂದಿಗೆ ಫ್ರೆಂಚ್ ಓಪನ್‌ಗೆ ಬಂದ ಆಕೆಗೆ ಅಲ್ಲಿ ಶ್ರೇಯಾಂಕ ಸಿಗಲಿಲ್ಲ. ವಿಂಬಲ್ಡನ್ ತನ್ನ ವಿವೇಚನೆಯಿಂದ 25ನೇ ಶ್ರೇಯಾಂಕ ಕೊಟ್ಟಿತು, ಆಕೆ ಫೈನಲ್ ತಲುಪಿದರು. ಆ ವರ್ಷದ ಕೊನೆಗೆ ಬಂದ ನಿಯಮದಂತೆ, ಹೆರಿಗೆಯ ನಂತರ ಮರಳುವವಳು ಮಗು ಹುಟ್ಟಿದ ಮೂರು ವರ್ಷಗಳೊಳಗೆ ತನ್ನ ಹಳೆಯ ಕ್ರಮಾಂಕವನ್ನು ವಿಶೇಷ ಕ್ರಮಾಂಕವಾಗಿ 12 ಪಂದ್ಯಾವಳಿಗಳಲ್ಲಿ ಬಳಸಬಹುದು. 90ನೇ ಕ್ರಮಾಂಕದಲ್ಲಿದ್ದವಳಿಗೆ ಇದು ಭದ್ರವಾದ ಆಸರೆ: ಅದರಿಂದ ಆಕೆ ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳ ಪ್ರಧಾನ ಹಂತಕ್ಕೆ ಹೋಗಬಹುದು, ಒಂದು ಪಂದ್ಯವನ್ನೂ ಗೆಲ್ಲದಿದ್ದರೂ ಆ ವರ್ಷದ ಖರ್ಚು ಹುಟ್ಟುತ್ತದೆ. 320ನೇ ಕ್ರಮಾಂಕದಲ್ಲಿದ್ದವಳಿಗೆ ಅದೇ ನಿಯಮ ಕೊಡುವುದು ಸಣ್ಣ ಐಟಿಎಫ್ ಪಂದ್ಯಾವಳಿಗಳ ಪ್ರವೇಶವನ್ನು ಮಾತ್ರ. ಅಲ್ಲಿ ಮೊದಲ ಸುತ್ತಿನ ಹಣದಲ್ಲಿ ಮಗುವನ್ನು ನೋಡಿಕೊಳ್ಳಲು ಜೊತೆಗೆ ಬಂದವರ ಪ್ರಯಾಣದ ಖರ್ಚೂ ಹೊರಡುವುದಿಲ್ಲ. ಕಾಗದದ ಮೇಲೆ ಇಬ್ಬರಿಗೂ ಒಂದೇ ಹಕ್ಕು. ಫಲ ಮಾತ್ರ ಒಂದೇ ಅಲ್ಲ. ಕ್ರಮಾಂಕವನ್ನು ಕಾಯ್ದಿಟ್ಟರೆ ಸಾಲದು, ಆಕೆ ಮರಳಿ ಬರುವ ತನಕ ಕೈಗೆ ಹಣವೂ ಬೇಕು.

2025ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ನೆರವಿನಿಂದ ನೀವು ಘೋಷಿಸಿದ ತಾಯ್ತನದ ನಿಧಿ ಈ ದಿಕ್ಕಿನಲ್ಲಿ ಇಟ್ಟ ದೊಡ್ಡ ಹೆಜ್ಜೆ. ಗರಿಷ್ಠ 12 ತಿಂಗಳ ವೇತನಸಹಿತ ರಜೆ, ಸಂತಾನ ಚಿಕಿತ್ಸೆಗೆ ಸಹಾಯಧನ, 320ಕ್ಕೂ ಹೆಚ್ಚು ಆಟಗಾರ್ತಿಯರಿಗೆ ಅರ್ಹತೆ. ಸ್ವತಂತ್ರವಾಗಿ ದುಡಿಯುವ ಕ್ರೀಡಾಪಟುಗಳಿಗೆ ಇಂಥದ್ದು ಹಿಂದೆ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ, ಅಂಡಾಣು ಅಥವಾ ಭ್ರೂಣವನ್ನು ಶೈತ್ಯೀಕರಿಸಿ ಕಾಯ್ದಿಡುವ ಚಿಕಿತ್ಸೆಗೆ ಬಿಡುವು ಪಡೆಯುವವರಿಗೂ 750ನೇ ಕ್ರಮಾಂಕದವರೆಗೆ ವಿಶೇಷ ಕ್ರಮಾಂಕದ ಸೌಲಭ್ಯ ಕೊಟ್ಟಿರಿ. ಒಬ್ಬ ತಾರೆಯ ಸಂಕಟ ಸುದ್ದಿಯಾಗಲಿ ಎಂದು ಕಾಯದೆ ಬಂದ ನಿಯಮಗಳಿವು ಎಂಬ ಕಾರಣಕ್ಕೂ ಇವು ನನಗೆ ಇಷ್ಟವಾದವು. ಆದರೆ ನಿಧಿಯ ಅರ್ಹತೆಗೆ ಗೊತ್ತುಪಡಿಸಿದ ಅವಧಿಯಲ್ಲಿ ನಿಗದಿತ ಸಂಖ್ಯೆಯ ಡಬ್ಲ್ಯುಟಿಎ ಪಂದ್ಯಾವಳಿಗಳನ್ನು ಆಡಿರಬೇಕು. ಐಟಿಎಫ್ ಹಂತದಲ್ಲೇ ವರ್ಷವಿಡೀ ಆಡುವವಳು ಹೊರಗುಳಿಯುವುದು ಇಲ್ಲೇ. ಆಕೆ ದುಡಿಯುವುದು ಕಡಿಮೆಯಲ್ಲ, ವಾರಗಳೂ ಅಷ್ಟೇ, ವಿಮಾನಗಳೂ ಅಷ್ಟೇ. ಅವಳು ಆಡುವ ಪಂದ್ಯಾವಳಿಯ ಮೇಲೆ ಬೇರೊಂದು ಸಂಸ್ಥೆಯ ಮುದ್ರೆಯಿದೆ, ಅಷ್ಟೇ ವ್ಯತ್ಯಾಸ. ಎರಡು ಸಂಸ್ಥೆಗಳ ನಡುವಿನ ಗಡಿ ಆಟಗಾರ್ತಿಯ ಹೆರಿಗೆಯ ಹಕ್ಕಿಗೂ ಗಡಿಯಾಗುವುದು ಸರಿಯೇ ಎಂದು ಡಬ್ಲ್ಯುಟಿಎ ಮತ್ತು ಐಟಿಎಫ್ ಎರಡೂ ಒಟ್ಟಿಗೆ ಕುಳಿತು ಯೋಚಿಸಬೇಕು.

ಇಲ್ಲಿ ಮೋನಿಕಾ ಸೆಲೆಸ್ ಅವರ ಪ್ರಕರಣವನ್ನು ನೆನಪಿಸದೆ ಮುಂದೆ ಹೋಗಲಾರೆ. 1993ರ ಏಪ್ರಿಲ್ 30ರಂದು ಹ್ಯಾಂಬರ್ಗ್‌ನಲ್ಲಿ, ಪಂದ್ಯದ ನಡುವೆ ಬೆಂಚಿನ ಮೇಲೆ ಕುಳಿತಿದ್ದ 19 ವರ್ಷದ ಅಗ್ರಕ್ರಮಾಂಕದ ಆಟಗಾರ್ತಿಯ ಬೆನ್ನಿಗೆ ಪ್ರೇಕ್ಷಕನೊಬ್ಬ ಚಾಕುವಿನಿಂದ ಇರಿದ. ಆಗಲೇ ಎಂಟು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದಿದ್ದ ಆಕೆಯ ಕ್ರಮಾಂಕವನ್ನು ಕಾಯ್ದಿಡಬೇಕೆಂಬ ಪ್ರಸ್ತಾಪಕ್ಕೆ ಅಂದಿನ ಅಗ್ರ ಆಟಗಾರ್ತಿಯರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ಎರಡು ವರ್ಷಗಳ ನಂತರ, 1995ರ ಆಗಸ್ಟ್‌ನಲ್ಲಿ ಮರಳಿದಾಗ ಅವರಿಗೆ ಸ್ಟೆಫಿ ಗ್ರಾಫ್ ಜೊತೆ ಜಂಟಿಯಾಗಿ ಮೊದಲ ಕ್ರಮಾಂಕ ಕೊಡಲಾಯಿತು. ಒಬ್ಬಳಿಗೆ ಆದ ಅನ್ಯಾಯವನ್ನು ಸರಿಪಡಿಸುವ ಅಧಿಕಾರವನ್ನು ಜೊತೆಯಲ್ಲಿ ಸ್ಪರ್ಧಿಸುವವರ ಮತಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ಕಂಡಿಲ್ಲ. ಆ ಆಟಗಾರ್ತಿಯರನ್ನು ನಾನು ದೂರುವುದಿಲ್ಲ. ಇನ್ನೊಬ್ಬಳ ಸ್ಥಾನವನ್ನು ಕಾಯ್ದಿಟ್ಟರೆ ತನ್ನ ಗಳಿಕೆಗೆ ಕುತ್ತು ಬರುವ ವ್ಯವಸ್ಥೆಯಲ್ಲಿ ಅವರು ಬದುಕುತ್ತಿದ್ದರು. ಇಂಥ ತೀರ್ಮಾನಗಳಿಗೆ ಮೊದಲೇ ಬರೆದಿಟ್ಟ ನಿಯಮವಿರಬೇಕು.

ದೇಹದ ವಿಚಾರದಲ್ಲಿ ಮಹಿಳಾ ಟೆನಿಸ್ ಇನ್ನೂ ಮುಜುಗರದಿಂದಲೇ ಮಾತನಾಡುತ್ತದೆ. 2022ರ ಫ್ರೆಂಚ್ ಓಪನ್‌ನಲ್ಲಿ ಶ್ವಿಯಾಂಟೆಕ್ ಎದುರು ಮೊದಲ ಸೆಟ್ ಗೆದ್ದಿದ್ದ 19ರ ಹರೆಯದ ಜೆಂಗ್ ಚಿನ್‌ವೆನ್, ಮುಟ್ಟಿನ ನೋವಿನಿಂದ ಆಟ ಕೈಬಿಟ್ಟುಹೋಯಿತೆಂದು ನೇರವಾಗಿ ಹೇಳಿದರು. ವಿಂಬಲ್ಡನ್ ತನ್ನ ಬಿಳಿ ಉಡುಪಿನ ಕಟ್ಟಳೆಯನ್ನು ಸಡಿಲಿಸಿ ಗಾಢ ಬಣ್ಣದ ಒಳಚಡ್ಡಿಗೆ ಅನುಮತಿ ಕೊಟ್ಟದ್ದು 2023ರಲ್ಲಿ. ಶತಮಾನಕ್ಕೂ ಹಳೆಯ ಪಂದ್ಯಾವಳಿಗೆ ಇಷ್ಟು ಸಣ್ಣ ವಿಷಯ ಹೊಳೆಯಲು ಇಷ್ಟು ಕಾಲ ಬೇಕಾಯಿತೆಂಬುದೇ ಸೋಜಿಗ. ಇದರ ಜೊತೆಗೆ 2024ರಿಂದ ಅಗ್ರ ಆಟಗಾರ್ತಿಯರಿಗೆ ನಾಲ್ಕು ಗ್ರ್ಯಾನ್‌ಸ್ಲಾಮ್, ಹತ್ತು 1000 ಹಂತದ ಮತ್ತು ಆರು 500 ಹಂತದ ಪಂದ್ಯಾವಳಿಗಳು ಕಡ್ಡಾಯವಾಗಿವೆ. 25ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಗೆದ್ದ ಎರಡು ತಿಂಗಳೊಳಗೆ, ಅಗ್ರಕ್ರಮಾಂಕದಲ್ಲಿರುವಾಗಲೇ ಆಶ್ಲಿ ಬಾರ್ಟಿ ನಿವೃತ್ತಿ ಹೇಳಿದ್ದನ್ನು ನೋಡಿದ ಮೇಲೂ ವೇಳಾಪಟ್ಟಿ ಬಿಗಿಯಾಗುತ್ತಲೇ ಹೋಯಿತು.

ಬೆಟ್ಟಿಂಗ್‌ನ ವಿಷಯವನ್ನು ಮೇಲೆ ಮುಟ್ಟಿದ್ದೇನೆ. ಅದರ ಇನ್ನೊಂದು ಮುಖವೂ ಇದೆ. ನಿಮ್ಮ ಎರಡೂ ಸಂಸ್ಥೆಗಳು ಜಂಟಿಯಾಗಿ ಪ್ರಕಟಿಸಿದ ವರದಿಯ ಪ್ರಕಾರ, 2024ರಲ್ಲಿ ಪರಿಶೀಲಿಸಿದ 16 ಲಕ್ಷ ಪೋಸ್ಟ್ ಮತ್ತು ಕಾಮೆಂಟ್‌ಗಳಲ್ಲಿ ಸುಮಾರು 8,000 ನಿಂದನೆ, ಬೆದರಿಕೆಗಳಿಂದ ಕೂಡಿದ್ದವು. 458 ಮಂದಿ ಆಟಗಾರರು ಅವುಗಳಿಗೆ ಗುರಿಯಾದರು. ಅಂಥವುಗಳಲ್ಲಿ ಶೇ 40ರಷ್ಟು ಬಾಜಿ ಸೋತು ಸಿಟ್ಟಾದವರಿಂದ ಬಂದವು. ದೊಡ್ಡ ಆಟಗಾರ್ತಿಯ ಖಾತೆಯನ್ನು ನೋಡಿಕೊಳ್ಳಲು ಬೇರೆಯವರಿರುತ್ತಾರೆ. ಐಟಿಎಫ್‌ನ ಕೆಳಹಂತದ ಡಬ್ಲ್ಯು 35 ಪಂದ್ಯಾವಳಿಯ ಎರಡನೇ ಸುತ್ತಿನಲ್ಲಿ ಸೋತ ಹುಡುಗಿ ಒಬ್ಬಳೇ ಹೋಟೆಲ್ ಕೋಣೆಯಲ್ಲಿ ಕುಳಿತು ತನ್ನ ಫೋನಿನಲ್ಲಿ ಕೊಲೆ ಬೆದರಿಕೆಯನ್ನು ತಾನೇ ಓದುತ್ತಾಳೆ. ಕೆಳಹಂತದ ಪಂದ್ಯಗಳ ನೇರ ಸ್ಕೋರನ್ನು ಬೆಟ್ಟಿಂಗ್ ವ್ಯವಹಾರಕ್ಕೆ ಮಾರುವುದನ್ನು ನಿಲ್ಲಿಸಬೇಕೆಂದು 2018ರ ಸಮಿತಿ ಸಲಹೆ ಮಾಡಿತ್ತು. ಆ ಹಂತದ ಪಂದ್ಯಗಳ ಮೇಲಿನ ಬಾಜಿಯಿಂದ ಟೆನಿಸ್‌ಗೆ ಬರುವ ಹಣವೆಷ್ಟು, ಅದರಲ್ಲಿ ಆ ಹುಡುಗಿಗೆ ತಲುಪುವುದೆಷ್ಟು ಎಂಬುದನ್ನು ಸಾರ್ವಜನಿಕರ ಮುಂದಿಡುವಂತೆ ನಾನು ಕೇಳುತ್ತೇನೆ.

ಕೆಳಹಂತವನ್ನು ಸರಿಪಡಿಸುವ ಯತ್ನ ಹಿಂದೆ ನಡೆದಿಲ್ಲವೆಂದಲ್ಲ. ವೃತ್ತಿಪರರ ಸಂಖ್ಯೆಯನ್ನು ತಗ್ಗಿಸಿ ಉಳಿದವರಿಗೆ ಹೆಚ್ಚು ಹಣ ಸಿಗುವಂತೆ ಮಾಡುವ ಉದ್ದೇಶದಿಂದ 2019ರ ಜನವರಿಯಲ್ಲಿ ಐಟಿಎಫ್ ಹೊಸ ವ್ಯವಸ್ಥೆಯನ್ನು ತಂದು, 15,000 ಡಾಲರ್‌ನ ಪಂದ್ಯಾವಳಿಗಳಿಗೆ ಡಬ್ಲ್ಯುಟಿಎ ಅಂಕಗಳನ್ನು ಕಿತ್ತುಹಾಕಿ ಪ್ರತ್ಯೇಕ ಅಂಕಪಟ್ಟಿ ಮಾಡಿತು. ವರ್ಷಗಟ್ಟಲೆ ಆಡಿ ಗಳಿಸಿದ ಕ್ರಮಾಂಕ ಒಂದೇ ಏಟಿಗೆ ಮಾಯವಾದುದನ್ನು ಕಂಡು ಆಟಗಾರ, ಆಟಗಾರ್ತಿಯರು ಪ್ರತಿಭಟಿಸಿದರು. ಆಗಸ್ಟ್ ಹೊತ್ತಿಗೆ ಅಂಕಗಳು ಮರಳಿ ಬಂದವು. ಉದ್ದೇಶ ಒಳ್ಳೆಯದೇ ಇದ್ದಿರಬಹುದು, ಆದರೆ ಅದರ ಹೊಡೆತ ತಿನ್ನಬೇಕಾದವರನ್ನು ಮೊದಲು ಕೇಳಿದ್ದರೆ ಆ ಏಳು ತಿಂಗಳು ಉಳಿಯುತ್ತಿದ್ದವು. ಆದ್ದರಿಂದ ನೀವು ಮುಂದೆ ರೂಪಿಸುವ ಯಾವುದೇ ಯೋಜನೆಯ ಮೇಜಿನ ಸುತ್ತ, ಈ ಹೊತ್ತು 200ರ ಆಚೆಯ ಕ್ರಮಾಂಕದಲ್ಲಿ ಆಡುತ್ತಿರುವವರು ಮತ ಹಾಕುವ ಹಕ್ಕಿನೊಂದಿಗೆ ಕುಳಿತಿರಬೇಕು.

1970ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಬಿಲ್ಲಿ ಜೀನ್ ಕಿಂಗ್ ಸೇರಿದಂತೆ ಒಂಬತ್ತು ಆಟಗಾರ್ತಿಯರು, ಮಹಿಳೆಯರದೇ ಪ್ರತ್ಯೇಕ ಪಂದ್ಯಾವಳಿ ಆಡಲು, ಒಂದೊಂದು ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದಾಗ ಅವರು ಅಮಾನತಿನ ಅಪಾಯವನ್ನು ಮೈಮೇಲೆ ಎಳೆದುಕೊಂಡಿದ್ದರು. ಆ ಒಂಬತ್ತರಲ್ಲಿ ಎಲ್ಲರೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ವಿಜೇತೆಯರಾಗಿರಲಿಲ್ಲ. ಹೆಚ್ಚಿನವರ ಹೆಸರು ಇಂದಿನ ಪ್ರೇಕ್ಷಕರಿಗೆ ತಿಳಿದೂ ಇಲ್ಲ. 1973ರಲ್ಲಿ ನಿಮ್ಮ ಸಂಸ್ಥೆ ಹುಟ್ಟಿದ್ದು ಅವರು ಹಾಕಿದ ಬುನಾದಿಯ ಮೇಲೆ. ಅವರು ಕೇಳಿದ್ದರಲ್ಲಿ ಒಂದು, ಆಟವಾಡುವ ಸಾಮರ್ಥ್ಯವಿರುವ ಹೆಣ್ಣುಮಗಳಿಗೆ ಅದರಿಂದಲೇ ಬದುಕಲು ಸಾಧ್ಯವಾಗಬೇಕು ಎಂಬುದು. ಆ ಬೇಡಿಕೆ ಮೊದಲ ನೂರು ಮಂದಿಯ ಪಾಲಿಗೆ ಈಡೇರಿದೆ.

ಈಗ ನನ್ನ ಕೋರಿಕೆ ಇಷ್ಟು. 250ನೇ ಕ್ರಮಾಂಕದವರೆಗಾದರೂ ಪುರುಷರಿಗಿರುವಂಥ ಕನಿಷ್ಠ ಆದಾಯದ ಭರವಸೆಯನ್ನು ಮಹಿಳೆಯರಿಗೂ ತನ್ನಿ, ಮತ್ತು ಅದರ ಖರ್ಚಿನಲ್ಲಿ ಟೆನಿಸ್‌ನ ಅತಿ ದೊಡ್ಡ ವರಮಾನವಿರುವ ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳು ಪಾಲು ಹೊರಲಿ. ತಾಯ್ತನದ ನಿಧಿಯ ಅರ್ಹತೆಗೆ ಐಟಿಎಫ್ ಪಂದ್ಯಾವಳಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಬ್ಬ ಪ್ರಾಯೋಜಕರ ಒಪ್ಪಂದ ಮುಗಿದರೆ ನಿಧಿಯೂ ಮುಗಿಯದಂತೆ ಅದನ್ನು ನಿಮ್ಮ ಸ್ವಂತ ಆದಾಯಕ್ಕೆ ಕಟ್ಟಿಹಾಕಿ. ಹಾಗೂ ಪ್ರತಿ ವರ್ಷ, ವಿಶೇಷ ಕ್ರಮಾಂಕವನ್ನು ಪಡೆದ ಆಟಗಾರ್ತಿಯರಲ್ಲಿ ಎಷ್ಟು ಮಂದಿ ಮೂರು ವರ್ಷಗಳ ನಂತರವೂ ಆಡುತ್ತಿದ್ದಾರೆ, ಎಷ್ಟು ಮಂದಿ ಬಿಟ್ಟುಹೋದರು ಎಂಬುದನ್ನು ಮೊದಲ ನೂರು, ನಂತರದ ಇನ್ನೂರು ಎಂದು ಬೇರೆಬೇರೆಯಾಗಿ, ಹೆಸರುಗಳನ್ನು ಬಿಟ್ಟು, ಪ್ರಕಟಿಸಿ. ಮೊದಲ ವರದಿಯನ್ನು ಮುಂದಿನ ಋತುವಿನ ಆರಂಭಕ್ಕೆ ಮುನ್ನ ನಿರೀಕ್ಷಿಸಬಹುದೇ ಎಂಬ ಪ್ರಶ್ನೆಗೆ ನಿಮ್ಮಿಂದ ಬಹಿರಂಗವಾಗಿಯೇ ಉತ್ತರ ಬರಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಹಿಳಾ ಟೆನಿಸ್‌ನ ಒಬ್ಬ ಪ್ರೇಕ್ಷಕ